ಠಾಣೆಯ ಪುಸ್ತಕ ಮತ್ತು ಅಜ್ಜಿಯ ಪ್ರಶ್ನೆ

ಚಿತ್ತವಾಡ್ಗಿಯಲ್ಲಿ ನಾನು ಹುಡುಗನಾಗಿದ್ದಾಗ ಮನೆಯಲ್ಲಿ ಒಂದು ಚೊಂಬು ಕಾಣೆಯಾದರೂ ಅವ್ವ ಮೊದಲು ಅನ್ನುತ್ತಿದ್ದ ಮಾತು, 'ಕೊರಚರು ಏನಾರ ಈ ಕಡೆ ಬಂದಿದ್ರೇನು ನೋಡ್ರಿ.' ನಾವೂ ಊರ ಹೊರಗಿನ ಕೇರಿಯವರೇ. ಊರು ನಮ್ಮನ್ನು ಮುಟ್ಟುತ್ತಿರಲಿಲ್ಲ. ನಾವು ಕೊರಚರನ್ನು ನಂಬುತ್ತಿರಲಿಲ್ಲ. ಈ ಮಾತು ನಮ್ಮ ವಿಮರ್ಶೆಯೊಳಗೆ ಬರುವುದು ಕಡಿಮೆ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ.

ಓದು ಮುಂದುವರಿದು, ಅಪರಾಧ ಮತ್ತು ನ್ಯಾಯಾಡಳಿತದ ಮೇಲೆ ಕ್ಷೇತ್ರಕಾರ್ಯ ಮಾಡಬೇಕಾಗಿ ಬಂತು. ಪ್ರಶ್ನಾವಳಿ, ಮಾದರಿ ಆಯ್ಕೆ, ಕೋಷ್ಟಕ ಎಲ್ಲ ಕಲಿತಿದ್ದೆ. ಹಾಳೆ ಹಿಡಿದು ಕೊರಚರ ಗುಡಿಸಲುಗಳ ಕಡೆಗೇ ಹೋದೆ. ಅಲ್ಲಿಗೇ ಯಾಕೆ ಹೋದೆ ಅಂತ ಆಗ ಹೊಳೆಯಲಿಲ್ಲ. ಈಚಲು ಗರಿಯ ಪೊರಕೆ ಕಟ್ಟುತ್ತಿದ್ದ ಅಜ್ಜಿಗೆ ಏಳನೆಯ ಪ್ರಶ್ನೆ ಕೇಳಿದೆ: ನಿಮ್ಮ ಮನೆಯಲ್ಲಿ ಯಾರಾದರೂ ಜೈಲಿಗೆ ಹೋಗಿದ್ದಾರೆಯೇ? ಅಜ್ಜಿ ಕೈಕೆಲಸ ಬಿಡದೆ ಅಂದಳು, 'ಯಪ್ಪಾ, ಬರಿಯಾಕ ಬಂದೋರೆಲ್ಲ ಇದನ್ನೇ ಕೇಳ್ತಾರ. ದೊಡ್ಡೋರ ಮನ್ಯಾಗೂ ಹಿಂಗೇ ಕೇಳಿ ಬಂದೀ ಏನು?'

ಬಂದಿರಲಿಲ್ಲ.

ಆಮೇಲೆ ಗ್ರಂಥಾಲಯದಲ್ಲಿ ಕೂತಾಗ ತಿಳಿದದ್ದು, ನನ್ನ ಏಳನೆಯ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ. ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1892ರಲ್ಲಿ ಮದ್ರಾಸ್ ಪೊಲೀಸ್ ಇಲಾಖೆಯ ಮುಲ್ಲಾಲಿ ಪ್ರಾಂತ್ಯದ 'ಅಪರಾಧಿ ವರ್ಗಗಳ' ಬಗ್ಗೆ ಪುಸ್ತಕ ಬರೆದ. 1905ರಲ್ಲಿ ಪೊಲೀಸಿನವರೇ ಆದ ಪಾಪಾರಾವ್ ನಾಯ್ಡು ಕೊರವ, ಎರುಕಲ, ಕೈಕಾಡಿಗಳ 'ಚರಿತ್ರೆ' ಬರೆದರು. 1909ರಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಥರ್ಸ್‌ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ತಂದಾಗ ಕೊರವರ ಅಧ್ಯಾಯಕ್ಕೆ ಈ ಪೊಲೀಸ್ ಬರಹಗಳನ್ನೇ ಆಧಾರವಾಗಿ ಎತ್ತಿಕೊಂಡ. ಠಾಣೆಯ ಟಿಪ್ಪಣಿ ಹೀಗೆ ಮಾನವಶಾಸ್ತ್ರವಾಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ಹೊಸ ರೂಪ ಪಡೆದು ಮದ್ರಾಸಿಗೂ ಬಂತು. ಬೆರಳಚ್ಚು, ಹಾಜರಿ, ಊರು ಬಿಡಲು ಅಪ್ಪಣೆ. ಹಿಡಿದವರ ಪಟ್ಟಿಯಿಂದ ಜಾತಿಯ ಸ್ವಭಾವ ತೀರ್ಮಾನಿಸುವುದು, ಆ ತೀರ್ಮಾನದಿಂದ ಮತ್ತೆ ಹಿಡಿಯುವುದು, ಹಿಡಿದದ್ದನ್ನೇ ಪುರಾವೆ ಎನ್ನುವುದು. ಇಂಥ ಮಾದರಿಯನ್ನು ಯಾವ ಸಂಶೋಧನಾ ವಿಧಾನದ ಪರೀಕ್ಷೆಯಲ್ಲಿ ಬರೆದರೂ ಫೇಲು ಮಾಡುತ್ತಾರೆ; ಪ್ರಭುತ್ವ ಮಾತ್ರ ಪಾಸಾಯಿತು.

ಆ ಪುಸ್ತಕಗಳಿಗೆ ಬೇಡವಾದ ಕಥೆ ಬೇರೆ ಇತ್ತು. ಈ ಜನ ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಹೊತ್ತು ಮಾರುತ್ತಿದ್ದವರು. ಸರ್ಕಾರದ ಉಪ್ಪಿನ ನೀತಿ, ರೈಲು, ಕಾಡಿನ ಕಾನೂನು, 1876-78ರ ಧಾತು ಬರ ಒಂದರ ಮೇಲೊಂದು ಬಿದ್ದು ಆ ವ್ಯಾಪಾರ ಮುರಿಯಿತು. ಮೀನಾ ರಾಧಾಕೃಷ್ಣ 2001ರಲ್ಲಿ ಮದ್ರಾಸ್ ಪ್ರಾಂತ್ಯದ ಕೊರವರ ಬಗ್ಗೆ ಬರೆದ ಪುಸ್ತಕ ಓದದೆ ಯಾರೂ ಈ ವಿಷಯಕ್ಕೆ ಕೈಹಾಕಬಾರದು ಅನ್ನುವುದು ನನ್ನ ಹಠ.

ಮದ್ರಾಸಿನಲ್ಲಿ 1947ರಲ್ಲೇ, ದೇಶದಲ್ಲಿ 1952ರ ಆಗಸ್ಟ್ 31ಕ್ಕೆ ಕಾಯ್ದೆ ಹೋಯಿತು. ಕಾಲಂ ಹೋಗಲಿಲ್ಲ. ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು. ಜೈಲು ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಿರಿ ಎಂದು ಸುಪ್ರೀಂ ಕೋರ್ಟು ಹೇಳಬೇಕಾದದ್ದು 2024ರ ಅಕ್ಟೋಬರ್ 3ರಂದು. ಅದೂ ಪತ್ರಕರ್ತೆ ಸುಕನ್ಯಾ ಶಾಂತಾ ಅರ್ಜಿ ಹಾಕಿದ ಮೇಲೆ.

ಅದೇ ತಿಂಗಳು ಇನ್ನೊಂದು ತೀರ್ಪು ನಮ್ಮ ಹೊಳೆಯ ಆಚೆ ದಂಡೆಯಿಂದ ಬಂತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲು ಸುಟ್ಟ ಪ್ರಕರಣ. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶವಿಲ್ಲ ಎಂದದ್ದನ್ನು ಪ್ರಶ್ನಿಸಿದ್ದರ ಬೆನ್ನಿಗೆ ನಡೆದದ್ದು. ಕೊಪ್ಪಳದ ಸೆಷನ್ಸ್ ಕೋರ್ಟು 101 ಜನ ತಪ್ಪಿತಸ್ಥರೆಂದಿತು, 98 ಜನರಿಗೆ ಜೀವಾವಧಿ, ಆಮೇಲೆ ಮೇಲ್ಮನವಿ. ಈ 101ನ್ನು ಇಟ್ಟುಕೊಂಡು ಯಾರಾದರೂ ಒಂದು ಜಾತಿಯ 'ಅಪರಾಧಿ ಸ್ವಭಾವ'ದ ಚರಿತ್ರೆ ಬರೆಯುತ್ತಾರೆಯೇ? ಬರೆಯಬಾರದು. ಕೊರಚರಿಗೂ ಬರೆಯಬಾರದಿತ್ತು.

ಅಜ್ಜಿಯ ಹತ್ತಿರ ಮತ್ತೆ ಹೋದಾಗ ಪ್ರಶ್ನೆ ತಿರುಗಿಸಿದೆ: ನಿಮಗೆ ಯಾರು ಏನು ಅನ್ಯಾಯ ಮಾಡಿದರು, ಕಂಪ್ಲೇಂಟು ಕೊಟ್ಟಿರಾ? ಹಂದಿ ಒಯ್ದದ್ದು, ಮಗನನ್ನು ಸುಮ್ಮನೆ ಎರಡು ರಾತ್ರಿ ಕೂರಿಸಿಕೊಂಡದ್ದು, ಸಂತೆಯಲ್ಲಿ ಹೊಡೆದದ್ದು, ಒಂದೊಂದೇ ಹೇಳಿದಳು. ಸರ್ಕಾರಿ ಅಂಕಿಸಂಖ್ಯೆ ಎಣಿಸುವುದು ದಾಖಲಾದದ್ದನ್ನು ಮಾತ್ರ. ಅವಳದು ಒಂದೂ ದಾಖಲಾಗಿರಲಿಲ್ಲ. 'ಬರಕೋ, ಬರಕೋ' ಅಂದಳು.

ಮುಂದಿನ ವಾರ ಅದೇ ಹಾಳೆ ಹಿಡಿದು ಒಂದು ದೊಡ್ಡ ಮನೆಯ ಕಟ್ಟೆಗೆ ಹೋದೆ. ಏಳನೆಯ ಪ್ರಶ್ನೆ ಬರುವ ಮುಂಚೆಯೇ ಯಜಮಾನರು ಕೇಳಿದರು, 'ನೀನು ಯಾರ ಪೈಕಿ?' ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ, ಅದಕ್ಕೆ ಕಾಲಂ ಹಾಕಿರಲಿಲ್ಲ.