ಮಾಳಿಗೆಯ ಬಿಸಿಲೂ ಪೆಟ್ಟಿಗೆಯ ಗಾಳಿಯೂ

ಹೋದ ಮಾಘಮಾಸದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಲಿಫ್ಟಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಮಾಳಿಗೆಯ ತುಂಬ ಸೌರವಿದ್ಯುತ್ತಿನ ಫಲಕಗಳನ್ನು ಕೂರಿಸಿರುವುದರಿಂದ ಇನ್ನು ಮುಂದೆ ಅಲ್ಲಿ ಯಾರೂ ಬಟ್ಟೆಯನ್ನಾಗಲಿ ಆಹಾರ ಪದಾರ್ಥವನ್ನಾಗಲಿ ಒಣಹಾಕಕೂಡದು ಎಂದು ಅದರ ಒಕ್ಕಣೆ. ಬಿಸಿಲನ್ನು ಹಿಡಿಯುವ ಯಂತ್ರ ಬಂದು ಬಿಸಿಲಿನಲ್ಲಿ ಒಣಗುವ ಸಂಡಿಗೆಯನ್ನು ಓಡಿಸಿತಲ್ಲಾ ಎಂದು ನನಗೆ ನಗೆಯೇ ಬಂದಿತು. ಆದರೆ ಮನೆಗೆ ಬಂದು ಅದನ್ನು ಹೇಳಿದಾಗ ಅಮ್ಮ ನಗಲಿಲ್ಲ. ‘ಹಾಗಾದರೆ ಈ ವರ್ಷ ಸಂಡಿಗೆ ಬೇಡ ಬಿಡು’ ಎಂದಳು. ಎಂಬತ್ತಾರು ವರ್ಷದ ಆಕೆ ಅಷ್ಟು ಹಗುರವಾಗಿ ಅದನ್ನು ಹೇಳಿದ್ದೇ ನನಗೆ ಭಾರವಾಯಿತು. ನಮ್ಮ ತಂದೆ ತೀರಿಕೊಂಡ ವರ್ಷವೊಂದನ್ನು ಬಿಟ್ಟರೆ, ನನಗೆ ತಿಳಿವಳಿಕೆ ಬಂದಂದಿನಿಂದ ಆಕೆ ಸಂಡಿಗೆ ಇಡದ ಬೇಸಗೆಯಿಲ್ಲ.

‘ಒಣಗಿಸುವ ಯಂತ್ರ ಬಂದಿದೆಯಂತಲ್ಲಾ ರೀ, ಒಂದು ತಂದರಾಯಿತು’ ಎಂದಳು ನನ್ನ ಹೆಂಡತಿ. ಮೂವತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಹೇಳಿದವನಿಗೆ ಯಂತ್ರವನ್ನು ಆರಿಸುವ ವಿದ್ಯೆ ಎಲ್ಲಿಂದ ಬರಬೇಕು? ಕಡಿಮೆ ಬೆಲೆಯದೊಂದನ್ನು ತಂದೆ. ದುಂಡನೆಯ ಐದು ತಟ್ಟೆಗಳು, ಬುಡದಲ್ಲಿ ಕಾಯುವ ಒಂದು ತಂತಿ, ಮೇಲೊಂದು ಮುಚ್ಚಳ, ಅಷ್ಟೆ. ಹಾಗಲಕಾಯಿಯ ಬಿಲ್ಲೆಗಳನ್ನೂ ಬಾಳೆಹಣ್ಣಿನ ಹೋಳುಗಳನ್ನೂ ಹರಡಿ ಹದಿನಾಲ್ಕು ಗಂಟೆ ಕಾಲ ಇಟ್ಟೆವು. ಕೆಳಗಿನ ತಟ್ಟೆಯಲ್ಲಿದ್ದುದು ಹೊರಗೆ ಕಲ್ಲಾಗಿ ಒಳಗೆ ಹಸಿಯಾಗಿ ಉಳಿಯಿತು. ಮೇಲಿನ ತಟ್ಟೆಯದು ಒಣಗುವ ಬದಲು ಹುಳಿವಾಸನೆ ಹಿಡಿಯಿತು. ಡಬ್ಬಿಗೆ ತುಂಬಿದ ಅಷ್ಟಿಷ್ಟಕ್ಕೂ ವಾರದೊಳಗೆ ಬೂಸಲು ಬಂದಿತು.

ಅಮ್ಮ ಆ ಪೆಟ್ಟಿಗೆಯ ಸುತ್ತ ಕೈಯಾಡಿಸಿ ನೋಡಿ, ‘ಇದಕ್ಕೆ ಉಸಿರೇ ಇಲ್ಲವಲ್ಲೋ ಮಾರಾಯ. ಒಣಗಿಸುವುದು ಬಿಸಿಲೂಂತ ತಿಳಿದಿದ್ದೀಯೇನು? ಗಾಳಿ ಬೇಕು ಕಣೋ’ ಎಂದಳು.

ಆಕೆಯ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಸುಲಿದು ಬೇಯಿಸಿದ ಅಡಿಕೆಯನ್ನು ಒಣಗಿಸಲು ಅಂಗಳದಲ್ಲಿ ಕಂಬ ನೆಟ್ಟು ಅಟ್ಟ ಕಟ್ಟುತ್ತಾರೆ. ಅಡಿಕೆಮರದ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸಿ, ಅದರ ಮೇಲೆ ಹರಡುತ್ತಾರೆ. ಬಿಸಿಲೊಂದೇ ಸಾಕೆನ್ನುವುದಾದರೆ ನೆಲದ ಮೇಲೆ ಹರಡಿದರೆ ಆಗುತ್ತಿರಲಿಲ್ಲವೆ? ಅಷ್ಟು ಶ್ರಮಪಟ್ಟು ಎತ್ತರಕ್ಕೇರಿಸುವುದು ಕೆಳಗಿನಿಂದಲೂ ಗಾಳಿ ಆಡಲೆಂದು. ಚಿಕ್ಕಂದಿನಲ್ಲಿ ಆ ಅಟ್ಟದ ನೆರಳಿನಲ್ಲಿ ಆಡಿ ಬೆಳೆದ ನನಗೆ ಇದು ಹೊಳೆದಿರಲಿಲ್ಲ. ಅಮ್ಮನ ಮಾತು ಕೇಳಿದ ಮೇಲೆ, ಯಂತ್ರವನ್ನು ಬದಿಗಿಟ್ಟು, ಜಗತ್ತಿನ ಜನ ಹೇಗೆ ಒಣಗಿಸುತ್ತ ಬಂದರೆಂಬುದನ್ನು ಓದತೊಡಗಿದೆ. ಓದಿದಷ್ಟೂ ಆಕೆಯ ಮಾತಿಗೇ ಸಾಕ್ಷಿಗಳು ದೊರೆತವು.

ನಾರ್ವೆಯ ಉತ್ತರಕ್ಕೆ ಲೊಫೋಟೆನ್ ದ್ವೀಪಗಳಿವೆ. ಅಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ಕಾಡ್ ಮೀನುಗಳನ್ನು ಜೋಡಿಜೋಡಿಯಾಗಿ ಕಟ್ಟಿ ಮರದ ಗಳುಗಳ ಮೇಲೆ ತೂಗುಹಾಕುತ್ತಾರೆ. ಉಪ್ಪು ಸೋಕಿಸುವುದಿಲ್ಲ. ಬಿಸಿಲೆಂಬುದು ಹೆಸರಿಗೆ ಮಾತ್ರ. ನೀರು ಹೆಪ್ಪುಗಟ್ಟುವ ಅಂಚಿನ ಚಳಿ. ಕಡಲ ಗಾಳಿಯೊಂದೇ ಮೀನಿನ ತೂಕದ ಐದರಲ್ಲಿ ಸುಮಾರು ನಾಲ್ಕು ಪಾಲನ್ನು ಒಯ್ಯುತ್ತದೆ. ಮಧ್ಯಯುಗದಲ್ಲಿ ಬರ್ಗೆನ್ ಪಟ್ಟಣ ಸಿರಿವಂತವಾದದ್ದು, ಜರ್ಮನಿಯ ಹಾನ್ಸಾ ವರ್ತಕರು ಅಲ್ಲಿ ಬಂದು ಬೀಡುಬಿಟ್ಟದ್ದು, ಬಹುಮಟ್ಟಿಗೆ ಈ ಕಟ್ಟಿಗೆಯಂಥ ಮೀನಿನ ವ್ಯಾಪಾರದಿಂದ.

ಚಳಿಯ ನಾಡು ಬೇಡವೆಂದರೆ ಆಫ್ಘಾನಿಸ್ತಾನಕ್ಕೆ ಬನ್ನಿ. ಅಲ್ಲಿ ಬೇಸಗೆಯ ಬಿಸಿಲಿಗೆ ಕೊರತೆಯೇನು? ಆದರೂ ಹಸುರು ಒಣದ್ರಾಕ್ಷಿಯನ್ನು ಮಾಡುವವರು ಬಿಸಿಲಿಗೆ ಗೊಂಚಲನ್ನು ತೋರಿಸುವುದಿಲ್ಲ. ದಪ್ಪ ಮಣ್ಣಿನ ಗೋಡೆಗಳ ಕತ್ತಲೆಯ ಮನೆ ಕಟ್ಟಿ, ಗೋಡೆಯ ತುಂಬ ಸಾಲುಸಾಲು ಕಂಡಿಗಳನ್ನು ಬಿಟ್ಟು, ಒಳಗೆ ಗೊಂಚಲುಗಳನ್ನು ತೂಗುಹಾಕುತ್ತಾರೆ. ಅದಕ್ಕೆ ಕಿಶ್ಮಿಶ್ ಖಾನೆಯೆಂದು ಹೆಸರು. ಒಣಗಾಳಿ ಕಂಡಿಗಳಲ್ಲಿ ನುಸುಳಿ ಹೋಗುತ್ತಿದ್ದಂತೆ ಹಣ್ಣು ಬಣ್ಣಗೆಡದೆ ಒಣಗುತ್ತದೆ. ನಮ್ಮ ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರೂ ಚಪ್ಪರದ ನೆರಳಿನಲ್ಲಿ, ಒಂದರ ಮೇಲೊಂದು ಬಲೆಯ ಅಂತಸ್ತುಗಳನ್ನು ಕಟ್ಟಿ, ಅದರ ಮೇಲೆಯೇ ಹಣ್ಣನ್ನು ಹರಡುವುದು. ಪಾಯಸದಲ್ಲಿ ಸಿಕ್ಕುವ ದ್ರಾಕ್ಷಿ ಹೀಗೆ ನೆರಳನ್ನುಂಡು ಬಂದದ್ದೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಂಡೀಸ್ ಪರ್ವತಗಳ ಚೂನ್ಯೊ. ಸಮುದ್ರಮಟ್ಟದಿಂದ ಸುಮಾರು 3800 ಮೀಟರು ಎತ್ತರದ ಆ ಪ್ರಸ್ಥಭೂಮಿಯಲ್ಲಿ ಜೂನ್, ಜುಲೈ ತಿಂಗಳ ರಾತ್ರಿಗಳು ಹೆಪ್ಪುಗಟ್ಟಿಸುತ್ತವೆ. ರೈತರು ಸಣ್ಣ ಆಲೂಗೆಡ್ಡೆಗಳನ್ನು ಬಯಲಿನಲ್ಲಿ ಹರಡಿ ಬಿಡುತ್ತಾರೆ. ರಾತ್ರಿ ಗೆಡ್ಡೆ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಕೆಲವು ದಿನ ಹೀಗಾದ ಮೇಲೆ ಮನೆಮಂದಿಯೆಲ್ಲ ಬರಿಗಾಲಿನಲ್ಲಿ ಅದನ್ನು ತುಳಿದು ನೀರು ಹಿಂಡಿ, ಮತ್ತೆ ಆ ಒಣಗಾಳಿಗೆ ಬಿಡುತ್ತಾರೆ. ಕೊನೆಗೆ ಉಳಿಯುವ ಬೆಣಚುಕಲ್ಲಿನಂಥ ಗೆಡ್ಡೆಯನ್ನು ವರ್ಷಗಟ್ಟಲೆ ಇಡಬಹುದು. ಇಂಕಾ ಅರಸರ ಉಗ್ರಾಣಗಳಲ್ಲಿ ಇದು ತುಂಬಿರುತ್ತಿತ್ತು. ಸ್ಪೇನಿನವರು ಬಂದು, 1545ರಲ್ಲಿ ಪೊಟೊಸಿಯ ಬೆಟ್ಟದಲ್ಲಿ ಬೆಳ್ಳಿ ಕಂಡಮೇಲೆ, ಗಣಿಯಲ್ಲಿ ದುಡಿಯುವ ಇಂಡಿಯನ್ನರ ಹೊಟ್ಟೆಗೂ ಇದೇ ಬೇಕಾಯಿತು. ಈ ಒಣಗೆಡ್ಡೆಯನ್ನು ಅಲ್ಲಿಗೆ ಸಾಗಿಸಿ ಮಾರಿಯೇ ಅನೇಕ ಸ್ಪೇನಿಗರು ಹಣವಂತರಾಗಿ ಊರಿಗೆ ಮರಳಿದರೆಂದು 1553ರಲ್ಲಿ ಅಚ್ಚಾದ ತನ್ನ ವೃತ್ತಾಂತದಲ್ಲಿ ಸಿಯೇಜಾ ದ ಲಿಯೋನ್ ಬರೆದಿದ್ದಾನೆ. ತುಳಿದವರ ಕಾಲಿಗೆ ಏನು ದಕ್ಕಿತೋ ಅದು ಆತನ ಲೆಕ್ಕಕ್ಕೆ ಬಂದಂತಿಲ್ಲ.

ಹೀಗೆ ಲೋಕಕ್ಕೆಲ್ಲ ತಿಳಿದಿದ್ದ ಕೆಲಸ ಕಾರ್ಖಾನೆಯ ಕೈಗೆ ಹೋದದ್ದು ಯುದ್ಧದ ದೆಸೆಯಿಂದ. 19ನೆಯ ಶತಮಾನದ ನಡುವೆ ಫ್ರಾನ್ಸಿನಲ್ಲಿ ಮಾಸ್ಸೋನ್ ಎಂಬ ತೋಟಗಾರನ ವಿಧಾನದಂತೆ ಶೊಲ್ಲೆ ಕಂಪನಿಯವರು ಬಿಸಿಗಾಳಿಯಲ್ಲಿ ತರಕಾರಿಯನ್ನು ಒಣಗಿಸಿ, ಯಂತ್ರದಲ್ಲಿ ಒತ್ತಿ, ಇಟ್ಟಿಗೆಯಂತೆ ಮಾಡಿ ಮಾರತೊಡಗಿದರು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಅದನ್ನು ತಿಂದರು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೂ ಅಂಥದೇ ಇಟ್ಟಿಗೆಗಳನ್ನು ಹಂಚಿದರು. ಒಣಗಿಸಿದ್ದು ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಕೊಂಚ ತಿರುಚಿ ಸಿಪಾಯಿಗಳು ಅದನ್ನು ‘ಮೈಲಿಗೆಯಾದ ತರಕಾರಿ’ ಎಂದು ಕರೆದರಂತೆ! ನೀರಿಗೆ ಹಾಕಿದರೆ ಉಬ್ಬಿ ಪಾತ್ರೆ ತುಂಬುತ್ತಿತ್ತು. ರುಚಿ ಮಾತ್ರ ಮರಳುತ್ತಿರಲಿಲ್ಲ. ಸ್ಕರ್ವಿ ರೋಗ ಬಾರದಿರಲೆಂದು ಕೊಟ್ಟದ್ದು ಅದಕ್ಕೂ ಆಗಿಬರಲಿಲ್ಲ. ಆ ರೋಗವನ್ನು ತಡೆಯುವ ‘ಸಿ’ ಜೀವಸತ್ವ ಬೇಯಿಸಿ ಒಣಗಿಸುವಾಗಲೇ ಬಹುಪಾಲು ನಾಶವಾಗಿರುತ್ತಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ ತನ್ನ ಸೈನ್ಯಕ್ಕೆ ಒಣತರಕಾರಿ ಕಳಿಸಿದಾಗಲೂ ಅದೇ ಕಥೆ. ಬಾಯಿಗಿಟ್ಟರೆ ಒಣಹುಲ್ಲಿನ ವಾಸನೆ. ಯುದ್ಧ ಮುಗಿದೊಡನೆ ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ದೋಷ ಎಲ್ಲಿತ್ತೆಂಬುದು ಎರಡು ಯುದ್ಧಗಳ ನಡುವಣ ವರ್ಷಗಳಲ್ಲಿ ಗೊತ್ತಾಯಿತು. ಕಾಯಿಪಲ್ಯದಲ್ಲಿ ಎನ್‌ಜೈಮುಗಳೆಂಬ ಪದಾರ್ಥಗಳಿವೆ. ಹೆಚ್ಚಿದ ಮೇಲೂ, ಒಣಗಿದ ಮೇಲೂ ಅವು ತಮ್ಮ ಕೆಲಸ ನಡೆಸಿ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತವೆ. ಒಣಗಿಸುವ ಮೊದಲು ಕೆಲವು ನಿಮಿಷ ಆವಿಯಲ್ಲಿಯೋ ಕುದಿನೀರಿನಲ್ಲಿಯೋ ಹಾಯಿಸಿದರೆ ಅವುಗಳ ಆಟ ನಿಲ್ಲುತ್ತದೆ. ಇದನ್ನು ಓದಿದಾಗ, ಹಲಸಿನ ಹಪ್ಪಳಕ್ಕೆ ಮೊದಲು ತೊಳೆಯನ್ನು ಬೇಯಿಸುವುದು, ಅಡಿಕೆಯನ್ನು ಬೇಯಿಸಿಯೇ ಅಟ್ಟಕ್ಕೇರಿಸುವುದು ನನ್ನ ನೆನಪಿಗೆ ಬಂದಿತು. ನಮ್ಮ ಅಜ್ಜಿಯರಿಗೆ ಎನ್‌ಜೈಮು ಗೊತ್ತಿತ್ತೆಂದು ಸಾಧಿಸುವ ಚಪಲ ನನಗಿಲ್ಲ. ಕೆಟ್ಟದ್ದನ್ನು ಕಂಡು ಕಂಡು ಕೆಡದಂತೆ ಮಾಡುವುದನ್ನು ಕಲಿತರು, ಅಷ್ಟೆ.

ಎರಡನೆಯ ಮಹಾಯುದ್ಧದಲ್ಲಿ ಈ ವಿದ್ಯೆ ಪೂರ್ತಿಯಾಗಿ ಕೈಗೆ ಬಂದಿತು. 1942ರಿಂದ ಇಂಗ್ಲೆಂಡಿನ ಮನೆಮನೆಗೂ ಮೊಟ್ಟೆಯ ಪುಡಿ ಹಂಚಿದರು. ಒಂದು ಪೊಟ್ಟಣಕ್ಕೆ ಹನ್ನೆರಡು ಮೊಟ್ಟೆಯ ಲೆಕ್ಕ. ಸ್ವಾತಂತ್ರ್ಯಾನಂತರ ನಮ್ಮಲ್ಲಿ ಈ ಶಾಸ್ತ್ರಕ್ಕೆ ಮನೆಯಾದದ್ದು ಮೈಸೂರು. 1950ರಲ್ಲಿ ಚೆಲುವಾಂಬಾ ಅರಮನೆಯಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಆರಂಭವಾಯಿತು. ಸೈನಿಕರ ಆಹಾರಕ್ಕೆಂದೇ ಇನ್ನೊಂದು ಪ್ರಯೋಗಾಲಯ 1961ರಲ್ಲಿ ಅದೇ ಊರಿಗೆ ಬಂದಿತು. ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗ ಆ ಅರಮನೆಯ ಮುಂದೆ ಎಷ್ಟು ಸಾರಿ ಓಡಾಡಿದ್ದೇನೋ! ಒಳಗೆ ಏನು ನಡೆಯುತ್ತಿದೆಯೆಂದು ಒಮ್ಮೆಯೂ ಕೇಳಲಿಲ್ಲ. ಆಗ ನನಗೆ ಚರಿತ್ರೆಯೆಂದರೆ ಪಾಣಿಪತ್ತು.

ಮನೆಯ ಅಡಿಗೆಕಟ್ಟೆಯ ಮೇಲೆ ಕೂರುವ ವಿದ್ಯುತ್ ಯಂತ್ರ 1970ರ ದಶಕದಲ್ಲಿ ಅಮೆರಿಕದಲ್ಲಿ ಹರಡಿತು. ಇಂದು ಅಂಗಡಿಯಲ್ಲಿ ಸಿಕ್ಕುವುದೆಲ್ಲ ಅದರ ಸಂತತಿ. ಗಾಳಿಯ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಆರಿಸುವುದು ಅಷ್ಟೇನೂ ಕಷ್ಟವಲ್ಲ. ಬಿಸಿ ಮಾಡುವುದು ಗಾಳಿಯ ಬಾಯಾರಿಕೆಯನ್ನು ಹೆಚ್ಚಿಸಲು. 30 ಡಿಗ್ರಿಯಲ್ಲಿ ನೂರಕ್ಕೆ 70ರಷ್ಟು ತೇವ ತುಂಬಿರುವ ಗಾಳಿಯನ್ನು 55 ಡಿಗ್ರಿಗೆ ಕಾಯಿಸಿದರೆ, ಅದೇ ತೇವ ನೂರಕ್ಕೆ 19ರಷ್ಟೆ ಆಗುತ್ತದೆ. ಇನ್ನೂ ಬಹಳ ನೀರನ್ನು ಅದು ಕುಡಿಯಬಲ್ಲದು. ಆದರೆ ಕುಡಿದ ಗಾಳಿ ಹೊರಗೆ ಹೋಗಬೇಕಲ್ಲ! ನಾನು ಮೊದಲು ತಂದ ಪೆಟ್ಟಿಗೆಯಲ್ಲಿ ಅದು ಅಲ್ಲಿಯೇ ಕೂತಿತ್ತು. ಮಿತಿಮೀರಿ ಕಾಯಿಸಿದರೆ ಇನ್ನೊಂದು ಅನರ್ಥ: ಹೊರಮೈ ಬೇಗ ಬಿಗಿದು, ಒಳಗಿನ ನೀರಿಗೆ ದಾರಿ ಮುಚ್ಚಿಹೋಗುತ್ತದೆ.

ಆದುದರಿಂದ ಫ್ಯಾನಿಲ್ಲದ ಯಂತ್ರವನ್ನು ಮುಟ್ಟಬೇಡಿ. ಫ್ಯಾನಿರುವುದರಲ್ಲಿ ಎರಡು ಜಾತಿ. ಒಂದರಲ್ಲಿ ದುಂಡು ತಟ್ಟೆಗಳ ಅಡಿಯಲ್ಲಿಯೋ ಮೇಲೆಯೋ ಫ್ಯಾನಿರುತ್ತದೆ. ಅಗ್ಗ, ಜಾಗವೂ ಕಡಿಮೆ ಸಾಕು. ಸೊಪ್ಪಿಗೆ, ಕಾಯಿಯ ಬಿಲ್ಲೆಗೆ ಒಳ್ಳೆಯದೇ. ಆದರೆ ಗಾಳಿ ಒಂದು ತಟ್ಟೆಯ ತೇವ ಹೊತ್ತು ಇನ್ನೊಂದಕ್ಕೆ ಹೋಗುವುದರಿಂದ ಆಗಾಗ ತಟ್ಟೆಗಳನ್ನು ಅದಲುಬದಲು ಮಾಡಬೇಕು. ಸಂಡಿಗೆಗೆಂದು ಹಾಳೆ ಹಾಸಿದರಂತೂ ಗಾಳಿಯ ದಾರಿಗೇ ಅಡ್ಡಿ. ಇನ್ನೊಂದು ಸಣ್ಣ ಬೀರುವಿನಂತಿದ್ದು, ಹಿಂದಿನ ಗೋಡೆಯಲ್ಲಿ ಫ್ಯಾನಿರುತ್ತದೆ. ಗಾಳಿ ಅಡ್ಡಡ್ಡಲಾಗಿ ಎಲ್ಲ ತಟ್ಟೆಗಳ ಮೇಲೂ ಹಾಯುವುದರಿಂದ ಹಾಳೆ ಹಾಸಿದರೂ ಚಿಂತೆಯಿಲ್ಲ. ಬೆಲೆ ಮಾತ್ರ ಚುರುಕು ಮುಟ್ಟಿಸುತ್ತದೆ. ನಮ್ಮ ಮನೆಗೆ ಬೇಕಾದದ್ದು ಸಂಡಿಗೆ, ಆದ್ದರಿಂದ ಎರಡನೆಯದು. 35ರಿಂದ 70 ಡಿಗ್ರಿಯವರೆಗೆ ಶಾಖವನ್ನು ಹೊಂದಿಸುವ ಗುಂಡಿ ಇರಲೇಬೇಕು. ಕರಿಬೇವಿನ ಸೊಪ್ಪನ್ನು ಹಣ್ಣಿನಷ್ಟೇ ಕಾಯಿಸಿದರೆ ಘಮವೆಲ್ಲ ಮನೆಗೆ, ಎಲೆ ಕಸಕ್ಕೆ. ವಿದ್ಯುತ್ತಿನ ಲೆಕ್ಕವನ್ನೂ ಹಾಕಿದೆ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು ಮೂರರಲ್ಲಿ ಎರಡು ಯೂನಿಟ್ಟು ಸಾಕು. ಆದರೆ 500 ವಾಟಿನ ಯಂತ್ರ ಎಡೆಬಿಡದೆ ಎಂಟು ಗಂಟೆ ಓಡಿದರೆ ನಾಲ್ಕು ಯೂನಿಟ್ಟು. ಮಿಕ್ಕದ್ದು ಅಡಿಗೆಮನೆಯನ್ನು ಬೆಚ್ಚಗಿಡುವುದಕ್ಕೆ. ಮಾಳಿಗೆಯ ಬಿಸಿಲಿಗೆ ಯಾರೂ ಬಿಲ್ಲು ಕಳಿಸುತ್ತಿರಲಿಲ್ಲ.

ಯುಗಾದಿಯ ಮಾರನೆಯ ದಿನ ಹೊಸ ಪೆಟ್ಟಿಗೆ ಬಂದಿತು. ಅಮ್ಮ ಮೊದಲು ಬಾಗಿಲಿಗೆ ಅಂಗೈಯೊಡ್ಡಿ ಗಾಳಿ ಬರುತ್ತದೆಯೇ ಎಂದು ನೋಡಿದಳು. ಆಮೇಲೆ ಅಡಿಗೆಮನೆಯ ಕಿಟಕಿ ತೆರೆಸಿದಳು. ಸಬ್ಬಕ್ಕಿಯ ಹಿಟ್ಟನ್ನು ತಾನೇ ಕಾಯಿಸಿ, ನಡುಗುವ ಕೈಯಿಂದ ಹಾಳೆಗಳ ಮೇಲೆ ಸಾಲಾಗಿ ಇಟ್ಟಳು. ಮಾಳಿಗೆಯ ಮೇಲೆ ಪಂಚೆ ಹಾಸಿ ಇಡುತ್ತಿದ್ದಷ್ಟೇ ಅಂತರದಲ್ಲಿ. ಬೆಳಗ್ಗೆ ಒಂದನ್ನೆತ್ತಿ ಮುರಿದಳು. ಕಟಕ್ಕೆಂದಿತು. ಹಾಳೆಯ ಬೆನ್ನಿಗೆ ನೀರು ಚಿಮುಕಿಸಿ ಬಿಡಿಸುವ ಕೆಲಸವೂ ಇರಲಿಲ್ಲ, ತಾನಾಗಿಯೇ ಎದ್ದು ಬಂದಿತು. ಅದನ್ನು ಕಂಡು ಆಕೆಗೆ ಸ್ವಲ್ಪ ನಿರಾಸೆಯೇ ಆಯಿತೆಂದು ತೋರುತ್ತದೆ.

‘ಮಾಳಿಗೆಯಲ್ಲಿ ಒಂದೇ ದಿನ ಮುಗೀತಿತ್ತು, ಇದು ಆರು ರಾತ್ರಿ ತಗೊಳ್ಳುತ್ತೆ’ ಎಂದು ಲೆಕ್ಕ ಹಾಕಿ, ಬೂದುಗುಂಬಳಕಾಯಿ ತರಲು ನನ್ನನ್ನು ಸಂತೆಗೆ ಅಟ್ಟಿದಳು. ಆರು ರಾತ್ರಿ ಹೋಗಿ ಹತ್ತಾಯಿತು. ಬಾಳಕದ ಮೆಣಸಿನಕಾಯಿ ಹಾಕಿದ ರಾತ್ರಿಯ ಘಾಟಿಗೆ ನಾವೆಲ್ಲ ಕೆಮ್ಮಿ ಕೆಮ್ಮಿ ಹೊರಗಿನ ಕೋಣೆಯಲ್ಲಿ ಮಲಗಿದೆವು. ಡಬ್ಬಿಗಳನ್ನು ತುಂಬಿದ ಮೇಲೆ, ಒಂದನ್ನು ಸಂಘದ ಕಾರ್ಯದರ್ಶಿಯವರ ಮನೆಗೆ ಕೊಟ್ಟು ಬಾ ಎಂದು ಅಮ್ಮನ ಅಪ್ಪಣೆಯಾಯಿತು. ಪ್ರತಿವರ್ಷವೂ ಕೊಡುತ್ತಿದ್ದೆವು, ಈ ವರ್ಷ ಬಿಟ್ಟರೆ ಚೆನ್ನಾಗಿರುತ್ತದೆಯೇ ಎಂದಳು. ತೆಗೆದುಕೊಂಡು ಹೋಗಿ ಕೊಟ್ಟು ಬಂದೆ.