ನಾಗರಹಾವೋ, ಕೇರೆಹಾವೋ?

ಮೆಚ್ಚಿದ ಕಾದಂಬರಿ ತೆರೆಗೆ ಬಂದಾಗ ‘ಪುಸ್ತಕದಲ್ಲಿ ಹೀಗಿರಲಿಲ್ಲ’ ಎಂದು ನೀವೂ ಗೊಣಗಿರಬಹುದು. 1972ರ ಕೊನೆಯಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರದ ವಿಷಯದಲ್ಲಿ ಹಾಗೆ ಗಟ್ಟಿಯಾಗಿ ಹೇಳಿದವರು ಸ್ವತಃ ಕಾದಂಬರಿಕಾರರೇ!

ತ.ರಾ. ಸುಬ್ಬರಾಯರ, ಅಂದರೆ ತರಾಸು ಅವರ, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರವಾಗಿ ಹೆಣೆದರು. ಜನ ಮುಗಿಬಿದ್ದು ನೋಡಿದರು. ರಾಮಾಚಾರಿಯಾದ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾದ ಅಶ್ವತ್ಥ್ ಮನೆಮಾತಾದರು. ತರಾಸು ಮಾತ್ರ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದ್ದಾರೆಂದು ನೊಂದುಕೊಂಡರು. ಕೇರೆಹಾವಿಗೆ ವಿಷವಿಲ್ಲ, ಹೆಡೆಯೂ ಇಲ್ಲ. ಬಸವಕಲ್ಯಾಣದ ಕಡೆಯ ಮುಡಬಿಯಂಥ ಹೊಲಗಳ ಊರಿನಲ್ಲಿ ಬೆಳೆದವರಿಗೆ ಆ ಮಾತಿನ ಮೊನೆಯನ್ನು ಬಿಡಿಸಿ ಹೇಳಬೇಕಿಲ್ಲ.

ಲೇಖಕರ ನೋವು ಸುಳ್ಳಲ್ಲ. ಮೂರು ಪುಸ್ತಕ ಒಂದಾಗುವಾಗ ಕಳೆದುಹೋಗುವುದು ಬಹಳ. ಆದರೆ ಪ್ರೇಕ್ಷಕರ ಪ್ರೀತಿಯೂ ಸುಳ್ಳಲ್ಲ. ಚಿತ್ರದೊಳಗೆ ಹಾಡಾಗಿ ಬರುವ ಓಬವ್ವನ ಪ್ರಸಂಗವನ್ನೇ ನೋಡಿ: ಹೈದರಾಲಿಯ ಸೈನಿಕರನ್ನು ಕಿಂಡಿಯ ಬಳಿ ಒನಕೆಯಿಂದ ಬಡಿದ ಆ ಹೆಣ್ಣುಮಗಳೆಂದರೆ ಕೋಟೆಯನ್ನೇ ಕಾಣದ ಎಷ್ಟೋ ಮಂದಿಗೆ ನಟಿ ಜಯಂತಿಯ ಮುಖವೇ ನೆನಪಾಗುವುದು. ದುರ್ಗದ ನಾಯಕರ ಚರಿತ್ರೆಯನ್ನು ಕಾದಂಬರಿಗಳಾಗಿ ಬರೆದವರೂ ಇದೇ ತರಾಸು ಎಂಬುದು ವಿಚಿತ್ರ.

ಪುಟ್ಟಣ್ಣನವರು ಇದೇ ಕಥೆಯನ್ನು 1974ರಲ್ಲಿ ರಿಷಿ ಕಪೂರ್ ಅವರನ್ನು ನಾಯಕನಾಗಿಸಿ ‘ಜಹರೀಲಾ ಇನ್ಸಾನ್’ ಎಂದು ಹಿಂದಿಯಲ್ಲಿ ತೆಗೆದರು. ಹೆಸರಿನಲ್ಲೇ ವಿಷವಿತ್ತು. ಚಿತ್ರ ಓಡಲಿಲ್ಲ.