ಪಾನನಿಷೇಧದ ಕಾನೂನೂ ಮ್ಯಾಟ್ ಟಾಲ್ಬೋಟರ ಪ್ರತಿಜ್ಞೆಯೂ

1925ರ ಜೂನ್ 7, ಪರಮ ತ್ರಿತ್ವದ ಹಬ್ಬದ ಭಾನುವಾರ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಬಲಿಪೂಜೆಗೆಂದು ಹೊರಟಿದ್ದ ವಯಸ್ಸಾದ ಕೂಲಿಯೊಬ್ಬರು ಗ್ರ್ಯಾನ್ಬಿ ಓಣಿಯಲ್ಲಿ ಕುಸಿದುಬಿದ್ದು ತೀರಿಕೊಂಡರು. ಆಸ್ಪತ್ರೆಯಲ್ಲಿ ಅವರ ಬಟ್ಟೆ ತೆಗೆದಾಗ ಮೈಮೇಲೆ ತಪಸ್ಸಿನ ಸರಪಳಿಗಳು ಕಂಡವು. ಅವರೇ ಮ್ಯಾಟ್ ಟಾಲ್ಬೋಟ್. 1975ರಲ್ಲಿ ಜಗದ್ಗುರು ಆರನೆಯ ಪೌಲರು ಅವರನ್ನು 'ಪೂಜ್ಯ'ರೆಂದು ಘೋಷಿಸಿದರು.

ತಾನಾಗಿಯೇ ಸರಪಳಿ ತೊಟ್ಟವನನ್ನು ಸ್ವತಂತ್ರನೆನ್ನಬಹುದೇ? ಇಂದಿನ ಯುವಜನರು ಇಲ್ಲವೆಂದೇ ಹೇಳಿಯಾರು. ಮನಸ್ಸಿಗೆ ಬಂದದ್ದನ್ನು ಮಾಡುವುದೇ ಸ್ವಾತಂತ್ರ್ಯವೆಂದು ನಾವೆಲ್ಲರೂ ಕೇಳುತ್ತ ಬಂದಿದ್ದೇವೆ. ಆದರೆ ಕುಡಿತದ ವಿರುದ್ಧ ಹೋರಾಡಿದವರ ಚರಿತ್ರೆ ಬೇರೊಂದು ಮಾತು ಹೇಳುತ್ತದೆ.

ಐರ್ಲೆಂಡಿನ ಕಾರ್ಕ್ ನಗರದಲ್ಲಿ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಕಪುಚಿನ್ ಗುರುಗಳಿದ್ದರು. ಬಡವರ ನಡುವೆ ಸೇವೆ ಮಾಡುತ್ತಿದ್ದ ಅವರನ್ನು ಕ್ವೇಕರ್ ಪಂಗಡದ ವಿಲಿಯಂ ಮಾರ್ಟಿನ್ ಎಂಬ ಸಜ್ಜನರು ಮತ್ತೆ ಮತ್ತೆ ಒತ್ತಾಯಿಸಿದರು. (ಸತ್ಕಾರ್ಯಕ್ಕೆ ನಮ್ಮನ್ನು ಎಬ್ಬಿಸುವವರು ಎಷ್ಟೋ ಸಲ ನಮ್ಮ ಸಭೆಯ ಹೊರಗಿನವರೇ ಆಗಿರುತ್ತಾರೆ!) 1838ರ ಏಪ್ರಿಲ್ 10ರಂದು ಫಾದರ್ ಮ್ಯಾಥ್ಯೂ ಮದ್ಯ ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಗೆ ತಾವೇ ಸಹಿ ಹಾಕಿದರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಅವರ ಮುಂದೆ ಮೊಣಕಾಲೂರಿ ಅದೇ ಮಾತು ಕೊಟ್ಟರು. ಸುಂಕದ ಲೆಕ್ಕದಲ್ಲಿ ವಿಸ್ಕಿಯ ಮಾರಾಟ ಅರ್ಧಕ್ಕಿಂತ ಕೆಳಗಿಳಿಯಿತು. ಪೊಲೀಸರಿಲ್ಲ, ದಂಡವಿಲ್ಲ, ಒಬ್ಬೊಬ್ಬರೂ ಸ್ವಂತ ಬಾಯಿಂದ ಕೊಟ್ಟ ಮಾತು ಅಷ್ಟೇ.

ಆದರೆ ಆ ಮಾತು ಬಹುಕಾಲ ನಿಲ್ಲಲಿಲ್ಲ. 1845ರಿಂದ ಭೀಕರ ಕ್ಷಾಮ ಬಂತು. ಪ್ರತಿಜ್ಞೆ ಮಾಡಿದವರನ್ನು ಮನೆಮನೆಗೆ ಹೋಗಿ ವಿಚಾರಿಸುವ, ಬಿದ್ದವರನ್ನು ಎತ್ತುವ ವ್ಯವಸ್ಥೆ ಸಾಲದಾಗಿತ್ತು. ಎಲ್ಲವೂ ಒಬ್ಬ ಗುರುವಿನ ಮೇಲೆ ನಿಂತಿತ್ತು. 1856ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಚಳುವಳಿಯ ಬಲ ಕುಗ್ಗಿಹೋಗಿತ್ತು. ಜೊತೆ ನಿಲ್ಲುವ ಬಂಧುಬಳಗ ಇಲ್ಲದಿದ್ದರೆ ಒಂಟಿ ಮನುಷ್ಯನ ಸಂಕಲ್ಪ ಎಷ್ಟು ದಿನ ತಾಳೀತು? ಈ ಪಾಠವನ್ನು ಯೇಸುಸಭೆಯ ಫಾದರ್ ಜೇಮ್ಸ್ ಕಲನ್ ಕಲಿತರು. 1898ರಲ್ಲಿ ಅವರು ಡಬ್ಲಿನ್ನಿನಲ್ಲಿ ಪಯೊನಿಯರ್ ಸಂಘವನ್ನು ಆರಂಭಿಸಿದ್ದು ದೊಡ್ಡ ಜನಜಂಗುಳಿಯೊಂದಿಗಲ್ಲ, ನಾಲ್ವರು ಮಹಿಳೆಯರೊಂದಿಗೆ.

ಅಮೆರಿಕದವರು ಬೇರೆ ದಾರಿ ಹಿಡಿದರು. ಒಬ್ಬೊಬ್ಬರ ಮನಸ್ಸು ತಿರುಗಿಸುವುದು ಯಾವ ಕಾಲಕ್ಕೆ, ಅಂಗಡಿಯನ್ನೇ ಮುಚ್ಚಿಸೋಣ ಎಂದರು. ಅವರನ್ನು ಹಗುರವಾಗಿ ಕಾಣಬಾರದು. ಗಂಡನ ಸಂಬಳವೆಲ್ಲ ಪಡಖಾನೆಗೆ ಹೋಗಿ ಮಕ್ಕಳು ಹಸಿದು ಮಲಗುವುದನ್ನು ಕಂಡ ತಾಯಂದಿರೇ ಈ ಹೋರಾಟದ ಮುಂಚೂಣಿಯಲ್ಲಿದ್ದರು. 1920ರ ಜನವರಿ 17ರಿಂದ ಇಡೀ ದೇಶದಲ್ಲಿ ಮದ್ಯದ ತಯಾರಿಕೆ, ಮಾರಾಟ ನಿಷೇಧವಾಯಿತು. ಬಲಿಪೂಜೆಯ ದ್ರಾಕ್ಷಾರಸಕ್ಕೆ ವಿನಾಯಿತಿ ಇತ್ತು. ಮೊದಮೊದಲು ಕುಡಿತ ಕಡಿಮೆಯಾದದ್ದೂ ನಿಜ. ಮುಂದೆ ಕಳ್ಳದಂಧೆ ಬೆಳೆಯಿತು, ವಿಷಮದ್ಯ ಕುಡಿದು ಜನ ಸತ್ತರು, ಅಧಿಕಾರಿಗಳು ಲಂಚಕ್ಕೆ ಕೈಯೊಡ್ಡಿದರು. 1933ರ ಡಿಸೆಂಬರ್ 5ರಂದು ಆ ನಿಷೇಧ ರದ್ದಾಯಿತು. ಬಾಲ್ಟಿಮೋರ್‌ನ ಕಾರ್ಡಿನಲ್ ಗಿಬ್ಬನ್ಸ್ ಮಿತಪಾನವನ್ನು ಬೋಧಿಸುತ್ತಿದ್ದವರೇ ಆದರೂ ಇಂಥ ಕಾನೂನನ್ನು ಮೊದಲೇ ವಿರೋಧಿಸಿದ್ದರು.

ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ಇದನ್ನು ಚರ್ಚಿಸಿದ್ದಾರೆ. ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲಾರದು. ಮುಖ್ಯವಾಗಿ ಪರರಿಗೆ ಕೇಡು ತರುವ ಘೋರ ಅಪರಾಧಗಳನ್ನು ತಡೆಯುವುದು ಅದರ ಕೆಲಸ ಎಂಬುದು ಅವರ ಅಭಿಪ್ರಾಯ. ಕಾನೂನು ಬೇಡವೆಂದು ಅವರು ಹೇಳಲಿಲ್ಲ. ಕುಡಿದು ಹೆಂಡತಿಗೆ ಹೊಡೆಯುವವನ ಕೈ ಹಿಡಿಯಲು ಕಾನೂನು ಬೇಕೇ ಬೇಕು. ಅವನೊಳಗಿನ ದಾಹದ ಮಾತು ಬೇರೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ನಿಂತಿತೇ ಎಂಬುದನ್ನು ನಮ್ಮ ನಮ್ಮ ಮನೆಯವರೇ ಹೇಳಬೇಕು.

ಮತ್ತೆ ಟಾಲ್ಬೋಟರ ಕಡೆಗೆ ಬರೋಣ. ಹನ್ನೆರಡು ಮಕ್ಕಳ ಬಡ ಸಂಸಾರದಲ್ಲಿ 1856ರಲ್ಲಿ ಹುಟ್ಟಿದವರು. ಹನ್ನೆರಡರ ಹರೆಯದಲ್ಲೇ ದ್ರಾಕ್ಷಾರಸದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿ ಕುಡಿತ ಕಲಿತರು. ಬೂಟುಗಳನ್ನೂ ಅಡವಿಟ್ಟು ಕುಡಿದರು. ಯಾವ ಕಾನೂನೂ ಅವರನ್ನು ತಡೆಯಲಿಲ್ಲ. ಕುಡಿಯಲು ಪೂರ್ಣ ಸ್ವಾತಂತ್ರ್ಯವಿತ್ತು, ಬಿಡಲು ಮಾತ್ರ ಇರಲಿಲ್ಲ. 1884ರಲ್ಲಿ ಒಂದು ದಿನ ಕೈಯಲ್ಲಿ ಕಾಸಿಲ್ಲದೆ ಪಡಖಾನೆಯ ಹೊರಗೆ ನಿಂತಿದ್ದರು. ತಾವು ಎಷ್ಟೋ ಸಲ ಕುಡಿಸಿದ್ದ ಗೆಳೆಯರು ಕಂಡರೂ ಕರೆಯದೆ ಒಳಗೆ ಹೋದರು. ಅವರು ಮನೆಗೆ ಬಂದು, ಪ್ರತಿಜ್ಞೆ ಮಾಡುತ್ತೇನೆಂದು ತಾಯಿಗೆ ಹೇಳಿದರು. ಪಾಪನಿವೇದನೆ ಮಾಡಿ ಮೂರು ತಿಂಗಳಿಗೆ ಮಾತ್ರ ಪ್ರತಿಜ್ಞೆ ಕೈಗೊಂಡರು. ಆಮೇಲೆ ಆರು ತಿಂಗಳಿಗೆ, ಆಮೇಲೆ ಜೀವನಪರ್ಯಂತ. ದಿನವೂ ಮುಂಜಾನೆಯ ಬಲಿಪೂಜೆಯೇ ಅವರಿಗೆ ಆಸರೆಯಾಯಿತು.

ಕುಡಿತದ ದಿನಗಳಲ್ಲಿ ಅವರು ಬೀದಿಯಲ್ಲಿ ಪಿಟೀಲು ನುಡಿಸಿ ಬದುಕುತ್ತಿದ್ದ ಕುರುಡನೊಬ್ಬನ ಪಿಟೀಲನ್ನು ಕದ್ದು ಮಾರಿ ಕುಡಿದಿದ್ದರಂತೆ. ಪ್ರತಿಜ್ಞೆಯ ನಂತರ ಹಳೆಯ ಸಾಲಗಳನ್ನೆಲ್ಲ ತೀರಿಸುತ್ತ, ಅವನನ್ನೂ ಡಬ್ಲಿನ್ನಿನ ಬೀದಿಗಳಲ್ಲಿ ಹುಡುಕಿದರು. ಅವನು ಸಿಗಲಿಲ್ಲ. ಕೊನೆಗೆ ಪಿಟೀಲಿನ ಹಣವನ್ನು ದೇವಾಲಯಕ್ಕೆ ಕೊಟ್ಟು ಅವನಿಗಾಗಿ ಬಲಿಪೂಜೆ ಅರ್ಪಿಸುವಂತೆ ಕೇಳಿಕೊಂಡರು.